ಕೆಂಪು ದಾರದ ಪಕ್ಕಡ

ಜಮಖಂಡಿಯಿಂದ ಬೀಳಗಿಗೆ ಹೋಗುವ ಕೊನೆಯ ಬಸ್ಸು ಅವತ್ತು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡಿತ್ತು. ನಮ್ಮ ರಾಜಕ್ಕ ಕ್ರಾಸಿನಲ್ಲಿ ಇಳಿದಾಗ ರಾತ್ರಿ ಹತ್ತೂವರೆ. ಅಲ್ಲಿಂದ ಊರಿಗೆ ಎರಡು ಕಿಲೋಮೀಟರು ನಡಿಗೆ. ನಡುವೆ ಒಂದು ಹಾಳು ಬಾವಿ... ಅದರ ಮಗ್ಗುಲಿಗೆ ರುದ್ರಭೂಮಿ.

ರಾಜಕ್ಕ ಅಂದರೆ ರಾಜೇಶ್ವರಿ, ನನ್ನ ಸ್ವಂತ ದೊಡ್ಡಪ್ಪನ ಮಗಳು. ಜಮಖಂಡಿಯ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸು. ದವಾಖಾನೆಯ ಹೆಸರು ಕೇಳಬೇಡಿ, ಹೇಳುವುದಿಲ್ಲ. ಇದು ನಡೆದದ್ದು 2008ರಲ್ಲಿ, ಎಳ್ಳಮಾಸಿ ಆಗಿ ನಾಲ್ಕನೆಯ ದಿನ. ನಗುವವರಿದ್ದರೆ ಈಗಲೇ ಎದ್ದು ಹೋಗಿ. ನಂಬದವರಿಗೆ ಹೇಳಿ ನನಗೆ ಆಗಬೇಕಾದದ್ದೇನೂ ಇಲ್ಲ.

ಹಳೇ ಊರು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಸರಕಾರ ಕಟ್ಟಿಕೊಟ್ಟ ಊರು ನಮ್ಮದು. ಮನೆ, ಸಾಲಿ, ಗುಡಿ ಎಲ್ಲಕ್ಕೂ ಸುಣ್ಣದ ಗೆರೆ ಹಾಕಿ ಜಾಗ ಕೊಟ್ಟರು. ಸತ್ತವರಿಗೆ ಮಾತ್ರ ಯಾರೋ ಬಿಟ್ಟುಹೋದ ಬಾವಿಯ ಪಕ್ಕದ ಕಲ್ಲುನೆಲ.

ಅವತ್ತು ರಾಜಕ್ಕನ ಚೀಲದಲ್ಲಿ ಏನೇನಿತ್ತು ಅಂತ ನನಗೆ ಗೊತ್ತು. ಊಟದ ಡಬ್ಬಿ, ನೀರಿನ ಬಾಟಲಿ, ಗಾಯದ ಹೊಲಿಗೆ ಬಿಚ್ಚುವ ಸಣ್ಣ ಕತ್ತರಿ. ಮತ್ತೊಂದು ಕಾಗದ. ಅದರಲ್ಲಿ ಟೈಪು ಮಾಡಿದ ನಾಲ್ಕು ಸಾಲು: ಪೇಶಂಟಿಗೆ ತಂತಿ ಕತ್ತರಿಸುವ ಪಕ್ಕಡ ಕೊಡುವುದನ್ನು ನಾನು ಮರೆತೆ, ತಪ್ಪು ನನ್ನದು. ಕೆಳಗೆ ಸಹಿಗೆ ಜಾಗ ಬಿಟ್ಟಿತ್ತು. ದವಾಖಾನೆಯ ಮ್ಯಾನೇಜರು ಪರಮಾನಂದ ಸಂಜೆ ಅದನ್ನು ಕೈಗೆ ತುರುಕಿದ್ದ.

"ಒಂದ ಸಹಿ ರೀ ಸಿಸ್ಟರ್. ಮರವು ಯಾರಿಗಿಲ್ಲ? ನಾಳೆ ಒಂಬತ್ತಕ್ಕ ತಂದು ಕೊಡ್ರಿ, ಮುಗೀತು."

"ನಾ ಮರತಿಲ್ಲ ರೀ. ನನ್ನ ಕೈಲೆ ಆಕಿ ಕೊಳ್ಳಿಗೆ ಕಟ್ಟೀನಿ."

"ಸಾಕ್ಷಿ ಐತೇನು?"

ಸಾಕ್ಷಿ ಇರಲಿಲ್ಲ. ಕೊರಳಿಗೆ ಕಟ್ಟಿಸಿಕೊಂಡವಳು ಮಣ್ಣಾಗಿ ಹನ್ನೊಂದು ದಿನವಾಗಿತ್ತು. ಸಹಿ ಹಾಕಿದರೆ ಒಂದು ಜೀವ ತೆಗೆದವಳು ರಾಜಕ್ಕ ಅಂತ ಕಾಯಂ ಆಗುತ್ತದೆ. ಹಾಕದಿದ್ದರೆ ಕೆಲಸ ಹೋಗುತ್ತದೆ. ಅವನವ್ವನ, ಇಂಥ ಕಾಗದ ಟೈಪು ಮಾಡುವವರ ಕೈಯಾದರೂ ಹೇಗೆ ಏಳುತ್ತದೋ!

ಸತ್ತವಳು ಶಿವವ್ವ. ನಮ್ಮೂರಿನವಳೇ. ಗಿರಿಮಲ್ಲಪ್ಪ ಅಂತ ಊರ ಹಿರಿಯ, ಅವನ ಸೊಸೆ. ಗಂಡ ಶಂಕರೆಪ್ಪ. ಆ ರಾತ್ರಿಗೆ ಹದಿನೆಂಟು ದಿನ ಮೊದಲು ಅವಳನ್ನು ದವಾಖಾನೆಗೆ ತಂದಾಗ ಗದ್ದ ಒಂದು ಕಡೆಗೆ ವಾಲಿತ್ತು. ಬಾಯಿ ಮುಚ್ಚಿದರೆ ಹಲ್ಲಿಗೆ ಹಲ್ಲು ಕೂಡುತ್ತಿರಲಿಲ್ಲ. ಜೊಲ್ಲಿನಲ್ಲಿ ರಕ್ತ.

"ಮಾಳಿಗಿ ಪಾವಟಿಗಿ ಮ್ಯಾಲಿಂದ ಬಿದ್ದಾಳ್ರಿ," ಅಂದ ಶಂಕರೆಪ್ಪ.

ಹತ್ತು ವರ್ಷ ಮುರಿದ ದವಡೆ ನೋಡಿದವಳಿಗೆ ಅಂಗೈ ಹುಣ್ಣು ನೋಡಲು ಕನ್ನಡಿ ಬೇಕೇ? ಮೇಲಿಂದ ಬಿದ್ದವರಿಗೆ ಗದ್ದದ ಕೆಳಗೆ ಒಡೆಯುತ್ತದೆ. ಶಿವವ್ವನ ಗದ್ದದ ಕೆಳಗೆ ಒಂದು ಗೀರೂ ಇರಲಿಲ್ಲ. ಕೆನ್ನೆಯ ಮೇಲೆ ದುಂಡನೆಯ ನೀಲಿ ಬಾವು. ಟ್ರ್ಯಾಕ್ಟರಿಗೆ ಟ್ರ್ಯಾಲಿ ಸಿಕ್ಕಿಸುವ ಪಿನ್ನು ಇರುತ್ತದಲ್ಲ, ಅದರ ತಲೆಯಷ್ಟು.

ರಾಜಕ್ಕ ರಜಿಸ್ಟರು ತೆರೆದಳು. ಆಗ ಗಿರಿಮಲ್ಲಪ್ಪ ಮೆಲ್ಲಗೆ ಮಗ್ಗುಲಿಗೆ ಬಂದು ನಿಂತ.

"ತಂಗಿ, ನಮ್ಮೂರ ಮಗಳು ನೀ. ಬಿದ್ದಾಳಂತ ಬರಿ. ಬಾಯಿ ಬಿಟ್ಟರ ಬಣ್ಣಗೇಡು. ಮನಿ ಮಾತು ಮನ್ಯಾಗಿರಲಿ."

ಶಿವವ್ವ ಮಂಚದ ಮೇಲಿಂದ ರಾಜಕ್ಕನನ್ನೇ ನೋಡುತ್ತಿದ್ದಳು. ತಲೆ ಅಲ್ಲಾಡಿಸಲು ಬರುವಂತಿರಲಿಲ್ಲ. ಕಣ್ಣಿನಲ್ಲೇ ಬೇಡ ಬೇಡ ಅನ್ನುತ್ತಿದ್ದಳು.

ರಾಜಕ್ಕ ಬರೆದಳು. 'ಬಿದ್ದು ಪೆಟ್ಟು.' ಹೌದು, ನಮ್ಮ ರಾಜಕ್ಕನೇ ಬರೆದಳು! ನನ್ನ ಅಕ್ಕ ಅಂತ ನಾನು ಮುಚ್ಚಿಡುವುದಿಲ್ಲ. ಅದನ್ನು ನೆನೆಸಿದರೆ ನನಗೆ ಇವತ್ತಿಗೂ ಅವಳ ಮೇಲೆ ಸಿಟ್ಟು ಬರುತ್ತದೆ. ಅವಳಿಗೆ ಅವಳ ಮೇಲೆ ಇನ್ನೂ ಹೆಚ್ಚು.

ಶನಿವಾರಕ್ಕೊಮ್ಮೆ ಬೆಳಗಾವಿಯಿಂದ ದವಡೆಯ ಡಾಕ್ಟರು ಬರುತ್ತಿದ್ದರು. ಒಳ್ಳೆಯ ಕೈ. ಗದ್ದದ ಎಲುಬಿಗೆ ಸಣ್ಣ ಪಟ್ಟಿ ಹಚ್ಚಿ ಸ್ಕ್ರೂ ಬಿಗಿದರು. ಕಿವಿಯ ಮುಂದಿನ ಕೀಲೂ ಮುರಿದಿತ್ತು. ಅದು ಅಲ್ಲಾಡದೆ ಕೂಡಿಕೊಳ್ಳಲಿ ಅಂತ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಾಲ್ಕು ಕಡೆ ತಂತಿ ಸುತ್ತಿ ಬಾಯಿ ಬಿಗಿಯಾಗಿ ಕಟ್ಟಿದರು. ಮೂರು ವಾರ ಹಾಗೇ ಇರಬೇಕು. ಗಂಜಿ, ಹಾಲು, ಸಾರು, ಎಲ್ಲವೂ ಹಲ್ಲಿನ ಸಂದಿಯಲ್ಲಿ ನಳಿಕೆಯಿಂದ. ಆಮೇಲೆ ತಂತಿ ತೆಗೆದು ಬಾಯಿ ತೆರೆಯುವುದನ್ನು ಮತ್ತೆ ಕಲಿಸುತ್ತಾರೆ. ಮೂರು ಬೆರಳು ನೆಟ್ಟಗೆ ನಿಲ್ಲಿಸಿ ಬಾಯೊಳಗೆ ಹೋದರೆ ದವಡೆ ಸರಿಹೋಯಿತು ಅಂತ ಲೆಕ್ಕ.

ಹೀಗೆ ಬಾಯಿ ಕಟ್ಟಿದವರಿಗೆ ಒಂದೇ ಭಯ... ವಾಂತಿ. ಹೊರಗೆ ಹೋಗಲು ದಾರಿ ಇಲ್ಲದೆ ಉಸಿರಿನ ಕೊಳವೆಗೆ ಇಳಿಯುತ್ತದೆ. ಅದಕ್ಕೇ ಮನೆಗೆ ಕಳಿಸುವಾಗ ತಂತಿ ಕತ್ತರಿಸುವ ಪಕ್ಕಡ ಕೊಟ್ಟೇ ಕಳಿಸುವುದು. ರಾಜಕ್ಕ ಏಳನೆಯ ನಂಬರಿನ ಪಕ್ಕಡ ಕೊಟ್ಟಳು. ಹಿಡಿಕೆಯ ಮೇಲೆ ಉಗುರಿನ ಬಣ್ಣದಲ್ಲಿ 7 ಅಂತ ಅವಳೇ ಬರೆದದ್ದು. ಕೆಂಪು ದಾರ ಪೋಣಿಸಿ ಶಿವವ್ವನ ಕೊರಳಿಗೆ ಕಟ್ಟಿದಳು. ಗಂಡನನ್ನು ಎದುರಿಗೆ ನಿಲ್ಲಿಸಿಕೊಂಡು ಎರಡೆರಡು ಸಲ ಹೇಳಿದಳು.

"ಇದು ಕೊಳ್ಳಾಗ ಇರಬೇಕು. ನಿದ್ದ್ಯಾಗೂ ಇರಬೇಕು. ವಾಂತಿ ಬಂತಂದ್ರ ಈ ನಾಕೂ ತಂತಿ ಕಟ್ ಮಾಡ್ರಿ. ತಿಳೀತಿಲ್ಲೋ?"

ಶಂಕರೆಪ್ಪ ಪಕ್ಕಡ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಛಲೋ ಪಕ್ಕಡ ಐತಲ್ರಿ. ಫಾರಿನ್ ಸ್ಟೀಲೇನು?"

ಮನೆಗೆ ಹೋದ ನಾಲ್ಕನೆಯ ರಾತ್ರಿ ಶಿವವ್ವ ಸತ್ತಳು. ವಾಂತಿಯಾಯಿತು, ಬಾಯಿ ಬಿಡಲಿಲ್ಲ. ಬೆಳಗಾಗುವುದರೊಳಗೆ ಊರ ತುಂಬ ಸುದ್ದಿ. ಡಾಕ್ಟರು ಬಾಯಿ ಹೊಲಿದು ಕೊಂದ, ನರ್ಸು ಪಕ್ಕಡ ಕೊಡಲೇ ಇಲ್ಲ. ಹೇಳಿದವನು ಶಂಕರೆಪ್ಪ. ಎದೆ ಬಡಿದುಕೊಂಡು ಅತ್ತ ನೋಡಿ, ಆ ನಾಲಾಯಕ!

ನಮ್ಮಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಮಾಡುತ್ತಾರೆ. ಗದ್ದ ಬೀಳದ ಹಾಗೆ ತಲೆಯ ಮೇಲಿಂದ ಬಿಳಿ ಅರಿವೆ ಕಟ್ಟುತ್ತಾರೆ. ಅಯ್ಯನವರು ಬಾಯಿಗೆ ತೀರ್ಥ ಬಿಡುತ್ತಾರೆ. ರಾಜಕ್ಕ ಅಲ್ಲಿಗೆ ಹೋಗಿದ್ದಳು. ಎಲ್ಲರ ಕೆಟ್ಟ ಕಣ್ಣು ಮೈಮೇಲೆ ಬಿದ್ದರೂ ಮುಂದೆ ಬಂದು ಕೇಳಿಕೊಂಡಳು.

"ತಂತಿ ಬಿಚ್ಚತೀನ್ರಿ. ಎರಡ ನಿಮಿಷ. ಬಾಯಾಗ ತೀರ್ಥರೆ ಹೋಗಲಿ."

"ಮುಟ್ಟಬ್ಯಾಡ ಆಕೀನ್ನ," ಅಂದ ಗಿರಿಮಲ್ಲಪ್ಪ. "ನೀ ಮಾಡಿದ್ದು ಸಾಕು."

ಅಯ್ಯನವರು ತೀರ್ಥ ಬಿಟ್ಟರು. ಅದು ತುಟಿಯ ಮೇಲೆ ನಿಂತು, ಗದ್ದದ ಮೇಲೆ ಇಳಿದು, ಅರಿವೆಯನ್ನು ತೋಯಿಸಿತು. ಒಂದು ಹನಿಯೂ ಒಳಗೆ ಹೋಗಲಿಲ್ಲ. ಹಾಗೇ ಮಣ್ಣು ಮುಚ್ಚಿದರು. ಮೇಲೆ ಚಪ್ಪಡಿ ಎಳೆದರು.

ಈಗ ಆ ರಾತ್ರಿಗೆ ಬನ್ನಿ...

ಗಾಳಿ ಇಲ್ಲ. ಚಂದ್ರ ಮುಳುಗಿಯಾಗಿತ್ತು. ದೂರದಲ್ಲಿ ಸಕ್ಕರೆ ಕಾರ್ಖಾನೆಯ ಗುಂಯ್ ಅನ್ನುವ ಸದ್ದು. ರಾಜಕ್ಕನ ಚಪ್ಪಲಿಯ ಚರಕ್ ಚರಕ್. ಬಾವಿ ಇನ್ನು ಹತ್ತು ಮಾರು ಇರುವಾಗ ಬೇರೆ ಒಂದು ಸಪ್ಪಳ.

ಸ್ಸ್... ಸ್ಸ್... ಸ್ಸ್...

ಹಾವು ಅಂದುಕೊಂಡಳಂತೆ. ನಿಂತಳು. ಹಾವಲ್ಲ. ಆ ಸಪ್ಪಳ ಅವಳಿಗೆ ಗೊತ್ತು. ವಾರ್ಡಿನಲ್ಲಿ ದಿನಾ ಕೇಳಿದ್ದು. ಹಲ್ಲು ಕಟ್ಟಿದ ಪೇಶಂಟು ನಿದ್ದೆಯಲ್ಲಿ ಹಲ್ಲಿನ ಸಂದಿಯಿಂದ ಉಸಿರೆಳೆಯುವ ಸಪ್ಪಳ.

ಬಾವಿಯ ಕಟ್ಟೆಯ ಮೇಲೆ ಒಬ್ಬಳು ಕೂತಿದ್ದಳು. ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ. ಮಣ್ಣಿನಲ್ಲಿ ಹೇಗೆ ಕೂಡಿಸಿದ್ದರೋ ಹಾಗೆ. ಗದ್ದದಿಂದ ನೆತ್ತಿಗೆ ಬಿಳಿ ಅರಿವೆ...

ರಾಜಕ್ಕ ಎರಡು ಹೆಜ್ಜೆ ಹಿಂದೆ ಸರಿದಳು. ಓಡಬೇಕು ಅಂದುಕೊಂಡಳು. ಆದರೆ ನೋಡಿ, ಹನ್ನೊಂದು ದಿನದಿಂದ ನುಂಗಿಕೊಂಡಿದ್ದ ಸಿಟ್ಟು ಹೆದರಿಕೆಗಿಂತ ಮೊದಲು ಬಾಯಿಗೆ ಬಂತು.

"ಯಾಕ ಬಂದಿ?" ಪಿಸುಗುಟ್ಟಿದಳು. "ನನ್ನ ಮುಂದ ಯಾಕ ಬಂದಿ? ಅವನ ಮುಂದ ಹೋಗು!"

"ಮ್ಮ್..."

"ನಿನ್ನ ಸಲುವಾಗಿ ನನ್ನ ಹೆಸರು ಮಣ್ಣಾಗಾಕತ್ತೈತಿ. ಕಟ್ಟಿದ್ದಿಲ್ಲೇನು ನಾ? ಹೇಳಬೇ! ನಿನ್ನ ಕೊಳ್ಳಿಗೆ ಕಟ್ಟಿದ್ದಿಲ್ಲೇನು?"

ಶಿವವ್ವ ಎರಡೂ ಕೈ ಎತ್ತಿದಳು. ಕೊರಳಿಗೆ ಒಯ್ದಳು. ತಡಕಿದಳು. ಎಡಕ್ಕೆ... ಬಲಕ್ಕೆ... ಕತ್ತಿನ ಹಿಂದೆ... ಸೆರಗಿನ ಒಳಗೆ... ಬರಬರನೆ ತಡಕಿದಳು. ಉಸಿರು ಜೋರಾಯಿತು. ಸ್ಸ್ ಸ್ಸ್ ಸ್ಸ್ ಸ್ಸ್. ಕೈ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು, ಏನೂ ಸಿಗುತ್ತಿರಲಿಲ್ಲ.

ಆಗ ರಾಜಕ್ಕನಿಗೆ ತಿಳಿಯಿತು. ಸತ್ತ ರಾತ್ರಿಯೂ ಹೀಗೇ ಹುಡುಕಿದ್ದಾಳೆ. ಕತ್ತಲಲ್ಲಿ, ಒಬ್ಬಳೇ, ಗಂಟಲು ತುಂಬಿಕೊಂಡು.

ನನ್ನ ಮುಂದೆ ಇದನ್ನು ಹೇಳುವಾಗ ರಾಜಕ್ಕ ಅಂದಳು, "ಹೆದರಿಕಿ ಹೋತಪಾ. ಪೇಶಂಟ್ ಇದ್ಲು. ಅಷ್ಟ."

ಚೀಲದಿಂದ ಕತ್ತರಿ ತೆಗೆದಳು. ಕಟ್ಟೆಯ ಹತ್ತಿರ ಹೋದಳು. ವಿಭೂತಿ ಮತ್ತು ಹಸಿ ಮಣ್ಣಿನ ವಾಸನೆ.

"ತಡಿ. ಅಲಗಾಡಬ್ಯಾಡ."

ಅರಿವೆ ಬಿಚ್ಚಿದಳು. ತುಟಿ ಎತ್ತಿದಳು. ಮೊಸರಿನ ಗಡಿಗೆಯಷ್ಟು ತಣ್ಣಗಿದ್ದವಂತೆ. ತಂತಿ ಬೆರಳಿಗೆ ಸಿಕ್ಕಿತು. ನೂಲು ಬಿಚ್ಚುವ ಕತ್ತರಿ ಅದು, ತಂತಿಗೆ ಮಾಡಿದ್ದಲ್ಲ. ಎರಡೂ ಕೈಯಲ್ಲಿ ಹಿಸುಕಿದಳು.

ಕಟಕ್...

ಒಂದು. ಕತ್ತರಿಯ ಹಿಡಿಕೆ ಬೆರಳಿಗೆ ಒತ್ತಿ ಚರ್ಮ ಕಿತ್ತಿತು.

ಕಟಕ್... ಕಟಕ್...

ನಾಲ್ಕನೆಯದು ಹಿಂದೆ, ದವಡೆ ಹಲ್ಲಿನ ಹತ್ತಿರ. ಅಲ್ಲಿ ಬಹಳ ಹೊತ್ತು ಹಿಡಿಯಿತು. ಕಟಕ್. ಕಿವಿಯ ಮುಂದಿನ ಕೀಲು ಲಟಕ್ ಅಂದಿತು... ಗದ್ದ ಕೆಳಗೆ ಇಳಿಯಿತು.

ರೂಢಿ ನೋಡಿ, ರಾಜಕ್ಕ ಮೂರು ಬೆರಳು ನೆಟ್ಟಗೆ ಮಾಡಿ ಬಾಯೊಳಗೆ ಇಟ್ಟು ನೋಡಿದಳು. ಹೋದವು.

"ನೀರು," ಅಂದಳು ಶಿವವ್ವ.

ರಾಜಕ್ಕ ಬಾಟಲಿ ಬಾಯಿಗೆ ಹಿಡಿದಳು. ಗಟ... ಗಟ... ಗಟ... ಗಟ. ಹನ್ನೊಂದು ದಿನದ ನೀರಡಿಕೆ. ಒಂದು ಹನಿಯೂ ಗದ್ದದ ಮೇಲೆ ಬೀಳಲಿಲ್ಲ.

"ಮೋಟರ್ ಸ್ಟಾರ್ಟರ್ ಪೆಟಗ್ಯಾಗ ಐತಿ," ಅಂದಳು ಶಿವವ್ವ. ಗಾಳಿಯಷ್ಟೇ ಸಣ್ಣ ಧ್ವನಿ. "ಅವತ್ತ ಕರೆಂಟ್ ಬಂತಂತ ಪಕ್ಕಡ ಜಗ್ಗಿಕೊಂಡು ಹ್ವಾದ."

ರಾಜಕ್ಕ ಬಾಟಲಿ ಕೆಳಗಿಟ್ಟಳು.

"ಯಕ್ಕಾ... ನಾ ಬಿದ್ದಿದ್ದಿಲ್ಲ."

"ಗೊತ್ತೈತಿ."

"ಗೊತ್ತಿತ್ತು. ಆದ್ರೂ ಬಿದ್ದಾಳಂತ ಬರದಿ."

ಅಷ್ಟೇ. ರಾಜಕ್ಕ ಕಣ್ಣು ಒರೆಸಿಕೊಂಡು ನೋಡಿದಾಗ ಕಟ್ಟೆ ಬರಿದಾಗಿತ್ತು. ಬಾಟಲಿ ಅರ್ಧ ಖಾಲಿ.

ಅವಳು ಮನೆಗೆ ಹೋಗಲಿಲ್ಲ. ನೇರ ಲೈನ್‌ಮನ್ ಜಕ್ಕಪ್ಪನ ಮನೆಗೆ ಹೋಗಿ ಬಾಗಿಲು ಬಡಿದಳು. ಜಕ್ಕಪ್ಪ ಯಾರ ಪಾರ್ಟಿಯೂ ಅಲ್ಲದ ಮನುಷ್ಯ. ಊರ ತಂತಿ ಕಂಬವೆಲ್ಲ ಅವನ ಕೈಯಲ್ಲೇ ಇದ್ದದ್ದು.

"ಜಕ್ಕಪ್ಪಣ್ಣಾ, ಶಂಕರೆಪ್ಪನ ಮೋಟರಿಗೆ ಕರೆಂಟ್ ಎಷ್ಟಕ್ಕ?"

"ಎರಡಕ್ಕ. ತ್ರೀಫೇಸ್ ಎರಡಕ್ಕ ಬರತೈತಿ. ಯಾಕಬೇ, ಈ ಸರೂವತ್ತನ್ಯಾಗ?"

"ನಡಿ ನನ್ನ ಕೂಡ. ಹೆಂಗ ಗೊತ್ತಾತಂತ ಕೇಳಬ್ಯಾಡ."

ಇಬ್ಬರೂ ಶಂಕರೆಪ್ಪನ ಕಬ್ಬಿನ ಹೊಲದ ಅಂಚಿನಲ್ಲಿ, ಮೋಟರು ಗುಡಿಸಲಿನ ಹಿಂದೆ ಕೂತರು. ಎರಡಾಯಿತು. ಪೆಟ್ಟಿಗೆಯ ಮೇಲಿನ ಕೆಂಪು ದೀಪ ಹತ್ತಿತು. ಬೈಕಿನ ಸಪ್ಪಳ... ಶಂಕರೆಪ್ಪ ಬಂದ. ಹಾಡು ಗುನುಗುತ್ತಿದ್ದ! ಹೆಂಡತಿ ಸತ್ತು ಹನ್ನೊಂದು ದಿನ! ಪೆಟ್ಟಿಗೆ ತೆರೆದ. ಫ್ಯೂಜು ಸುಟ್ಟಿತ್ತು. ಕತ್ತಲಲ್ಲಿ ನೋಡದೆ ಕೈ ಹಾಕಿ, ಒಳಗಿನ ಮೊಳೆಗೆ ಸಿಕ್ಕಿಸಿದ್ದನ್ನು ತೆಗೆದ. ತಂತಿ ಎಳೆದು ಕತ್ತರಿಸಿದ. ಕಟಕ್.

ರಾಜಕ್ಕ ಜಕ್ಕಪ್ಪನ ಕೈಬ್ಯಾಟರಿ ಹಾಕಿದಳು.

ಕೈಯಲ್ಲಿ ಪಕ್ಕಡ. ಹಿಡಿಕೆಯ ಮೇಲೆ 7. ಕೆಂಪು ದಾರ ಇನ್ನೂ ಇತ್ತು, ಗಂಟು ಬಿಚ್ಚಿರಲಿಲ್ಲ. ತಲೆಯ ಮೇಲಿಂದ ಎಳೆದು ತೆಗೆದಿದ್ದ.

"ಕೊಟ್ಟೇ ಇಲ್ಲಂದಿ," ಅಂದಳು ರಾಜಕ್ಕ. "ಕೊಡದ ಪಕ್ಕಡ ಇಲ್ಲಿ ಹೆಂಗ ಬಂತು?"

ಶಂಕರೆಪ್ಪನ ಮುಖ ಕಪ್ಪಾಯಿತು. ಜಕ್ಕಪ್ಪನನ್ನು ನೋಡಿದ.

"ಒಂದ ತಾಸು ಅಂತ ಒಯ್ದಿದ್ನಿ... ಕಬ್ಬು ಒಣಗಾಕತ್ತಿತ್ತು."

"ಬಾವ್ಯಾಗರೆ ಒಗೀಬೇಕಿತ್ತಿಲ್ಲೋ, ಬ್ಯಾಕೂಫ," ಅಂದ ಜಕ್ಕಪ್ಪ.

"ಛಲೋ ಪಕ್ಕಡ ಇತ್ತು," ಅಂದ ಶಂಕರೆಪ್ಪ. "ಒಗ್ಯಾಕ ಮನಸಾಗಲಿಲ್ಲ."

ಕೇಳಿದಿರಾ? ಒಗೆಯಲು ಮನಸ್ಸಾಗಲಿಲ್ಲವಂತೆ! ಕೊಂದದ್ದು ಹಟದಿಂದಲೂ ಅಲ್ಲ, ವೈರದಿಂದಲೂ ಅಲ್ಲ. ಮೋಟರಿಗೆ ಬೇಕಿತ್ತು, ಹೆಂಡತಿಯ ಕೊರಳಲ್ಲಿ ಇತ್ತು, ತೆಗೆದುಕೊಂಡ. ಗೂಟದಿಂದ ಹಗ್ಗ ಬಿಚ್ಚಿಕೊಂಡಂತೆ. ಹನ್ನೊಂದು ರಾತ್ರಿ ಅದರಿಂದಲೇ ಫ್ಯೂಜು ಕಟ್ಟಿದ, ಹಗಲು ಊರ ಮುಂದೆ ನರ್ಸು ಕೊಡಲಿಲ್ಲ ಅಂತ ಅತ್ತ. ದೆವ್ವಕ್ಕೆ ಹೆದರುತ್ತೀರಿ ನೀವು. ನನಗೆ ಇಂಥವರ ಹೆದರಿಕೆ.

ಬೆಳಿಗ್ಗೆ ರಾಜಕ್ಕ ಒಂಬತ್ತಕ್ಕೆ ದವಾಖಾನೆಗೆ ಹೋದಳು. ಪರಮಾನಂದನ ಮೇಜಿನ ಮೇಲೆ ಆ ಕಾಗದ ಇಟ್ಟಳು, ಸಹಿ ಇಲ್ಲದೆ. ಅಲ್ಲಿಂದ ಪಕ್ಕಡದ ಸಮೇತ ಪೊಲೀಸ್ ಠಾಣೆಗೆ. ಜಕ್ಕಪ್ಪ ಜೊತೆಗಿದ್ದ. ಪಕ್ಕಡದ ಮಾತಷ್ಟೇ ಹೇಳಿ ಬರಬಹುದಿತ್ತು, ಅವಳ ಹೆಸರು ಉಳಿಯುತ್ತಿತ್ತು. ಅವಳು ಅಷ್ಟಕ್ಕೇ ನಿಲ್ಲಲಿಲ್ಲ.

"ಸಾಹೇಬ್ರ, ಆಕಿ ಬಿದ್ದಿದ್ದಿಲ್ಲ. ಹೊಡದಿದ್ರು. ನಾ ನೋಡೀನಿ. ನೋಡಿ ಸುಳ್ಳು ಬರದೀನಿ. ನನ್ನ ಮ್ಯಾಲೂ ಬರಕೋರಿ."

ಆ ಮಾತಿಗೆ ಅವಳ ಕೆಲಸ ಹೋಯಿತು. ಊರಿನಲ್ಲಿ ಒಂದು ವರ್ಷ ನಮ್ಮ ದೊಡ್ಡಪ್ಪನ ಮನೆಯವರ ಜೊತೆ ಯಾರೂ ಮಾತಾಡಲಿಲ್ಲ. ಈಗ ಮುಧೋಳದಲ್ಲಿ ಇದ್ದಾಳೆ, ಅಲ್ಲಿಯೂ ನರ್ಸೇ. ಶಂಕರೆಪ್ಪನ ಕೇಸು ಏನಾಯಿತು ಅಂತ ಕೇಳಬೇಡಿ. ವಕೀಲರು, ತಾರೀಖು, ಜಾಮೀನು... ಅದನ್ನು ಹೇಳಹೊರಟರೆ ನನ್ನ ಬಾಯಿ ಹೊಲಸಾಗುತ್ತದೆ.

ಆದರೆ ಒಂದು ಹೇಳುತ್ತೇನೆ. ದವಡೆ ಹೇಗೆ ಮುರಿಯಿತು ಅಂತ ನೋಡಲು ಹೆಣ ಹೊರಗೆ ತೆಗೆದರು. ತಹಶೀಲ್ದಾರರು ಬಂದಿದ್ದರು, ಪೊಲೀಸರಿದ್ದರು, ದವಡೆಯ ಡಾಕ್ಟರನ್ನೂ ಕರೆಸಿದ್ದರು. ಪಂಚರಲ್ಲಿ ಜಕ್ಕಪ್ಪ ಒಬ್ಬ. ಚಪ್ಪಡಿ ಕದಲಿರಲಿಲ್ಲ. ಸಂದಿಗೆ ಮೆತ್ತಿದ ಮಣ್ಣು ಹಾಗೇ ಒಣಗಿ ಬಿರುಕು ಬಿಟ್ಟಿತ್ತು. ಸರಿಸಿ, ಮಣ್ಣು ತೆಗೆದರು. ಶಿವವ್ವ ಕೂತಿದ್ದಳು, ಬೆನ್ನು ನೆಟ್ಟಗೆ.

ಗದ್ದಕ್ಕೆ ಕಟ್ಟಿದ್ದ ಅರಿವೆ ತೊಡೆಯ ಮೇಲೆ ಮಡಿಸಿ ಇತ್ತು. ಬಾಯಿ ತೆರೆದಿತ್ತು. ಡಾಕ್ಟರು ಅಳೆದರು. ಮೂರು ಬೆರಳು. ತಾವೇ ಕಟ್ಟಿದ ತಂತಿ ನಾಲ್ಕೂ ಕಡೆ ತುಂಡಾಗಿತ್ತು. ಯಾರು ಬಿಚ್ಚಿದರು ಅಂತ ಕೇಳಿದರು. ಗಿರಿಮಲ್ಲಪ್ಪ ಸೊಸೆಯ ಮುಖ ನೋಡಲಾರದೆ ಕೈ ಮುಗಿದು, ಯಾರೂ ಮುಟ್ಟಿಲ್ಲ ರೀ, ನಾನೇ ಮುಟ್ಟಗೊಟ್ಟಿಲ್ಲ ಅಂದ. ಪಂಚನಾಮೆಯಲ್ಲಿ ಅದನ್ನೇ ಬರೆದಿದ್ದಾರೆ. ಜಕ್ಕಪ್ಪನ ಸಹಿ ಇದೆ. ಹೋಗಿ ಕೇಳಿ ಅವನನ್ನು, ಇನ್ನೂ ಇದ್ದಾನೆ.

ರಾಜಕ್ಕನ ಹೊಲಿಗೆ ಬಿಚ್ಚುವ ಕತ್ತರಿ ಮುಧೋಳದಲ್ಲಿ ಅವಳ ಕಪಾಟಿನಲ್ಲಿದೆ. ಈಗ ಅದರಿಂದ ನೂಲೂ ಕತ್ತರಿಸಲು ಬರುವುದಿಲ್ಲ. ನಾನು ಬೆಳಕಿಗೆ ಹಿಡಿದು ನೋಡಿದ್ದೇನೆ, ಬೆರಳಾಡಿಸಿ ನೋಡಿದ್ದೇನೆ. ಅಲಗಿನ ಮೇಲೆ ತಂತಿಯಷ್ಟು ಸಣ್ಣ ಕಚ್ಚುಗಳಿವೆ. ನಾಲ್ಕು.